ಭರಣಿಯ ಉಪ್ಪು, ಸೋಡಿಯಂನ ಹನ್ನೊಂದನೆಯ ಎಲೆಕ್ಟ್ರಾನ್

ತುಳುನಾಡಿನ ಆಟಿ ತಿಂಗಳ ಮಳೆ ಹಿಡಿದರೆ ಉಡುಪಿಯ ನಮ್ಮ ಮನೆಯಲ್ಲಿ ಭರಣಿಯ ಕಲ್ಲುಪ್ಪು ನೀರೊಡೆಯುತ್ತದೆ. ಕುಚ್ಚಲಕ್ಕಿ ಗಂಜಿಗೆ ಆ ಒದ್ದೆ ಹರಳುಗಳನ್ನೇ ಹಾಕಿಕೊಳ್ಳುವಾಗಲೆಲ್ಲ ಶಾಲೆಯಲ್ಲಿ ಕೇಳಿದ ಪಾಠ ನೆನಪಾಗುತ್ತದೆ: ಸೋಡಿಯಂ ತನ್ನ 11 ಎಲೆಕ್ಟ್ರಾನ್‌ಗಳಲ್ಲಿ ಹೊರಕವಚದ ಒಂಟಿ ಎಲೆಕ್ಟ್ರಾನನ್ನು ಸಂತೋಷದಿಂದ ದಾನ ಮಾಡುತ್ತದೆ, ಹೊರಕವಚದಲ್ಲಿ ಏಳು ಇರುವ ಕ್ಲೋರಿನ್ ಅದನ್ನು ಪಡೆದು ಎಂಟು ತುಂಬಿಸಿಕೊಳ್ಳುತ್ತದೆ, ಉಪ್ಪು ಸಿದ್ಧ.

ಈ ದಾನದ ಕಥೆಯನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಮೋಲ್ (ಪರಮಾಣುಗಳನ್ನು ಎಣಿಸುವ ಒಂದು ನಿಗದಿತ ದೊಡ್ಡ ಕಂತೆ) ಸೋಡಿಯಂ ಪರಮಾಣುಗಳಿಂದ ಆ ಎಲೆಕ್ಟ್ರಾನ್‌ಗಳನ್ನು ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿ ಬೇಕು. ಅವನ್ನು ಪಡೆದ ಕ್ಲೋರಿನ್ ಹೊರಬಿಡುವುದು ಸುಮಾರು 349 ಮಾತ್ರ. 147 ಕಿಲೋಜೂಲ್ ನಷ್ಟ! ಬರೀ ಕೊಡುಕೊಳ್ಳುವಿಕೆಯಲ್ಲೇ ವ್ಯವಹಾರ ಮುಗಿದಿದ್ದರೆ ಉಪ್ಪು ಹುಟ್ಟುತ್ತಲೇ ಇರಲಿಲ್ಲ. ನಷ್ಟ ತುಂಬುವುದು ಆಮೇಲೆ. ಎಲೆಕ್ಟ್ರಾನ್ ಕಳೆದುಕೊಂಡದ್ದು ಧನ ಅಯಾನು, ಪಡೆದದ್ದು ಋಣ ಅಯಾನು. ಇವು ಜೋಡಿಜೋಡಿಯಾಗಿ ನಿಲ್ಲದೆ, ಒಂದೊಂದರ ಸುತ್ತಲೂ ಎದುರು ಬಗೆಯ ಆರಾರು ಸೇರಿ ಹರಳು ಕಟ್ಟುತ್ತವೆ. ಬಿಡಿ ಅಯಾನುಗಳು ಹೀಗೆ ಒಟ್ಟುಗೂಡಿದಾಗ ಮೋಲ್‌ಗೆ ಸುಮಾರು 787 ಕಿಲೋಜೂಲ್ ಬಿಡುಗಡೆಯಾಗುತ್ತದೆ. ಅಷ್ಟು ಗಟ್ಟಿ ಹಿಡಿತ ಇರುವುದರಿಂದಲೇ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಕಾವು ಬೇಕು.

ಇಂಥ ಹರಳನ್ನು ಗಂಜಿಯ ತೆಳಿ ಕ್ಷಣದಲ್ಲಿ ಬಿಡಿಸಿಬಿಡುತ್ತದೆ. ಇದು ಇನ್ನೊಂದು ಬಗೆಯ ಬಂಧದ ಕೆಲಸ. ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡೂ ಕೂಡಬಲ್ಲವು ಎಂದು ಅಮೆರಿಕದ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಹೇಳಿದರು. ಹಂಚಿಕೆ ಹೇಗೆ ಬಂಧವಾಗುತ್ತದೆ ಎಂಬುದನ್ನು ಹೈಟ್ಲರ್ ಮತ್ತು ಲಂಡನ್ ಎಂಬ ಇಬ್ಬರು ಭೌತವಿಜ್ಞಾನಿಗಳು 1927ರಲ್ಲಿ ಹೈಡ್ರೋಜನ್ ಅಣುವನ್ನಿಟ್ಟುಕೊಂಡು ಕ್ವಾಂಟಂ ಸಿದ್ಧಾಂತದಿಂದ ತೋರಿಸಿದರು. ನೀರಿನಲ್ಲಿ ಈ ಹಂಚಿಕೆ ಸಮಪಾಲಿನದಲ್ಲ. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಹೆಚ್ಚು ಎಳೆದುಕೊಳ್ಳುವುದರಿಂದ ಅದರ ಬದಿ ತುಸು ಋಣ, ಹೈಡ್ರೋಜನ್ ಬದಿ ತುಸು ಧನ. ಹರಳಿನ ಸೋಡಿಯಂ ಅಯಾನನ್ನು ನೀರಿನ ಅಣುಗಳು ಆಕ್ಸಿಜನ್ ಬದಿಯಿಂದ ಮುತ್ತುತ್ತವೆ, ಕ್ಲೋರೈಡನ್ನು ಹೈಡ್ರೋಜನ್ ಬದಿಯಿಂದ. ತೆಂಗಿನೆಣ್ಣೆಯ ಉದ್ದ ಸರಪಳಿಗಳಲ್ಲಿ ಕಾರ್ಬನ್, ಹೈಡ್ರೋಜನ್‌ಗಳ ಹಂಚಿಕೆ ಹೆಚ್ಚುಕಡಿಮೆ ಸಮ. ಅದರಲ್ಲಿ ಉಪ್ಪು ಹಾಗೆಯೇ ತಳದಲ್ಲಿ ಕೂರುತ್ತದೆ.

ನನ್ನನ್ನು ಈಗಲೂ ಬೆರಗಾಗಿಸುವುದು ಒಂದಿದೆ. ನೀರಿನಲ್ಲಿ ಚೆದುರಿದ ಮೇಲೂ ಆ ಹನ್ನೊಂದನೆಯ ಎಲೆಕ್ಟ್ರಾನ್ ಸೋಡಿಯಂಗೆ ಮರಳುವುದಿಲ್ಲ. ಎಲೆಕ್ಟ್ರಾನ್ ಕಳೆದುಕೊಳ್ಳದ ಸೋಡಿಯಂ ಲೋಹ ನೀರು ತಾಗಿದರೆ ಭುಗಿಲೇಳುತ್ತದೆ. ಅದೇ ಧಾತುವನ್ನು ನಾವು ದಿನವೂ ಗಂಜಿಯಲ್ಲಿ ಉಣ್ಣುತ್ತೇವೆ.

ಇನ್ನು ಭರಣಿ. ಸಮುದ್ರದ ಕಲ್ಲುಪ್ಪಿನಲ್ಲಿ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಉಳಿದಿರುತ್ತದೆ. ಮೆಗ್ನೀಸಿಯಂ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಪುಟ್ಟ ಅಯಾನು, ನೀರನ್ನು ಸೋಡಿಯಂಗಿಂತ ಬಹಳ ಬಿರುಸಾಗಿ ಸೆಳೆಯುತ್ತದೆ. ಶುದ್ಧ ಉಪ್ಪು ನೀರೊಡೆಯಲು ಗಾಳಿಯ ಆರ್ದ್ರತೆ ಶೇಕಡಾ 75ರಷ್ಟಾದರೂ ಬೇಕು. ಮೆಗ್ನೀಸಿಯಂ ಕ್ಲೋರೈಡ್‌ಗೆ 33ರಷ್ಟು ಸಾಕು. ಆಟಿಯ ಉಡುಪಿಯಲ್ಲಿ ಗಾಳಿ ಈ ಎರಡು ಗಡಿಗಳನ್ನೂ ದಾಟಿಯೇ ಒಳಗೆ ಬರುತ್ತದೆ.