ಗುಮ್ಮಟದ ಸೊಂಟಕ್ಕೊಂದು ಚೇಲೆ

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಮುಂದೆ ಕೊಳದ ಮೆಟ್ಟಿಲ ಮೇಲೆ ಕೂತಿದ್ದೆ. ಅಕ್ಕನ ಮಗಳು ನೀರಲ್ಲಿ ಮೀನು ಎಣಿಸುತ್ತಿದ್ದಳು. ಪಕ್ಕದಲ್ಲಿ ಪ್ರವಾಸಕ್ಕೆ ಬಂದ ಒಂದು ಕುಟುಂಬ. ಅವರ ಯಜಮಾನರು ಮೊಬೈಲಿಗೆ ಬಂದ ಯಾವುದೋ ಫಾರ್ವರ್ಡ್ ಓದಿ ಮಕ್ಕಳಿಗೆ ಹೇಳುತ್ತಿದ್ದರು: “ಆ ಗುಮ್ಮಟದ ಕೆಳಗೆ ಒಂದೂ ಕಂಬ ಇಲ್ಲ. ಆದ್ರೂ ಇನ್ನೂರು ವರ್ಷದಿಂದ ನಿಂತಿದೆ. ಹೇಗೆ ಅಂತ ವಿಜ್ಞಾನಕ್ಕೇ ಗೊತ್ತಿಲ್ವಂತೆ.”

“ಹೌದಾ ಮಾವ?” ಎಂದಳು ಇವಳು.

“ದೇವಸ್ಥಾನ ಕಟ್ಟೋಕೆ ಮೊದಲೇ ಗೊತ್ತಿತ್ತು ಕಣೇ,” ಅಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು. ಅವರು ತಿರುಗಿ ನೋಡಿದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಬೆರಗಾಗುವುದು ಒಳ್ಳೆಯದೇ. ಆದರೆ ‘ಯಾರಿಗೂ ಗೊತ್ತಿಲ್ಲ’ ಎಂದ ಕೂಡಲೇ ಬೆರಗು ಅಲ್ಲಿಗೇ ನಿಂತುಬಿಡುತ್ತದೆ, ಅಲ್ವಾ? ಗುಮ್ಮಟದ ನಿಜವಾದ ಕಥೆ ಆ ಫಾರ್ವರ್ಡಿಗಿಂತ ಎಷ್ಟೋ ಚೆನ್ನಾಗಿದೆ.

ದೇವಸ್ಥಾನ ಕಟ್ಟಿಸಿದ್ದು ಕೊಡಗನ್ನು ಆಳಿದ ಹಾಲೇರಿ ವಂಶದ ಎರಡನೇ ಲಿಂಗರಾಜೇಂದ್ರ, 1820ರಲ್ಲಿ. ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ನಾಲ್ಕು ಗೋಪುರ. ಗುಮ್ಮಟದ ನೆತ್ತಿಯಲ್ಲಿ ಚಿನ್ನದ ಲೇಪದ ಗುಂಡು, ಅದರ ಜೊತೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತೋರಿಸುವ ಸೂಚಿ. ಕಿಟಕಿಗಳಿಗೆ ಪಂಚಲೋಹದ ಸರಳು, ಅವುಗಳಲ್ಲಿ ‘ಲಿಂ’ ಎಂಬ ಅಕ್ಷರ. ರಾಜ ತನ್ನ ಹೆಸರಿನ ಮೊದಲಕ್ಷರವನ್ನು ಕಿಟಕಿಗೇ ಹಾಕಿಸಿಕೊಂಡಿದ್ದಾನೆ. ಕೊಳದ ನಡುವೆ ಒಂದು ಮಂಟಪ, ಅಲ್ಲಿಗೆ ಹೋಗಲು ಸಣ್ಣ ದಾರಿ. ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದನಂತೆ, ಆತ ಬ್ರಹ್ಮರಾಕ್ಷಸನಾಗಿ ಕಾಡಿದನಂತೆ, ಅದರ ಪರಿಹಾರಕ್ಕೆ ಕಾಶಿಯಿಂದ ಲಿಂಗ ತರಿಸಿ ಈ ಗುಡಿ ಕಟ್ಟಿಸಿದನಂತೆ. ಊರಲ್ಲಿ ಎಲ್ಲರೂ ಹೇಳುವ ಕಥೆ ಇದು. ಬ್ರಹ್ಮರಾಕ್ಷಸನನ್ನು ಅಳೆಯುವ ಉಪಕರಣ ನನ್ನ ಹತ್ತಿರ ಇಲ್ಲ. ಗುಮ್ಮಟಕ್ಕೆ ಬರುತ್ತೇನೆ.

ಅದಕ್ಕೂ ಮೊದಲು ಇನ್ನೊಂದು ಫಾರ್ವರ್ಡ್ ಇದೆ. ‘ಗುಡಿ ಯಾಕೆ ಮಸೀದಿ ಥರ ಇದೆ? ಮೊದಲು ಇದು ಬೇರೇನೋ ಆಗಿತ್ತು.’ ಇದನ್ನು ಕೇಳಿ ಕೇಳಿ ಸಾಕಾಗಿದೆ. ಯಾರು ಕಟ್ಟಿಸಿದರು, ಯಾಕೆ ಕಟ್ಟಿಸಿದರು ಎಂಬುದನ್ನು ತಾಮ್ರದ ಫಲಕದಲ್ಲಿ ಬರೆಸಿ ಬಾಗಿಲ ಹತ್ತಿರವೇ ಹಾಕಿಸಿದ್ದಾರೆ. ಅಷ್ಟಕ್ಕೂ ಅನುಮಾನ ಇದ್ದರೆ ಊರಿನ ಇನ್ನೊಂದು ಬದಿಗೆ ಹೋಗಿ ಗದ್ದಿಗೆ ನೋಡಿ. ಹಾಲೇರಿ ಅರಸರು ಲಿಂಗಾಯತರು. ಅವರ ಸಮಾಧಿಗಳ ಮೇಲೂ ಇದೇ ಗುಮ್ಮಟ, ಮೂಲೆಗೆ ಇದೇ ಗೋಪುರಗಳು, ಜೊತೆಗೆ ಕೂತ ಬಸವಗಳು. ಮಡಿಕೇರಿಯ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿದ್ದು ಟಿಪ್ಪು. ಆ ಕೋಟೆಯೊಳಗಿನ ಅರಮನೆಯನ್ನು 1812ರಿಂದ 1814ರ ತನಕ ಹೊಸದು ಮಾಡಿಸಿದ್ದು ಇದೇ ಲಿಂಗರಾಜೇಂದ್ರ. ಅಂದರೆ ಕೋಟೆ ಒಬ್ಬರದು, ಅದರೊಳಗಿನ ಅರಮನೆ ಇನ್ನೊಬ್ಬರದು. ಗಾರೆ ಕೆಲಸದವನು ತನಗೆ ಬರುವ ವಿದ್ಯೆಯಲ್ಲಿ ಕಟ್ಟುತ್ತಾನೆ. ಕೆಳಗೆ ಯಾವ ದೇವರು ಕೂರುತ್ತಾರೆ ಎಂದು ಇಟ್ಟಿಗೆ ಕೇಳುವುದಿಲ್ಲ.

ಇಟ್ಟಿಗೆ ಕೇಳುವ ಪ್ರಶ್ನೆ ಒಂದೇ: ನಾನು ಯಾಕೆ ಕೆಳಗೆ ಬೀಳಬಾರದು?

ಉತ್ತರ ಹಳೇ ಬಾವಿಯಲ್ಲಿದೆ. ತೋಟದಲ್ಲಿ ಕಲ್ಲು ಕಟ್ಟಿದ ಬಾವಿ ನೋಡಿರುತ್ತೀರಿ. ಎಷ್ಟೋ ಬಾವಿಗಳಲ್ಲಿ ಕಲ್ಲುಗಳ ನಡುವೆ ಗಾರೆಯೂ ಇರುವುದಿಲ್ಲ. ಹೊರಗಿನ ಮಣ್ಣು ಒಳಕ್ಕೆ ತಳ್ಳುತ್ತಲೇ ಇರುತ್ತದೆ. ಆದರೂ ಕಲ್ಲು ಬಾವಿಗೆ ಉದುರುವುದಿಲ್ಲ. ಯಾಕೆಂದರೆ ಒಂದು ಕಲ್ಲು ಒಳಗೆ ಜರುಗಬೇಕಾದರೆ ಜಾಗ ಬೇಕು, ಒಳಗೆ ಹೋದಷ್ಟೂ ಸುತ್ತು ಚಿಕ್ಕದಾಗುತ್ತದೆ. ಎಲ್ಲ ಕಲ್ಲೂ ಒಟ್ಟಿಗೆ ಒಳಗೆ ಬರಲು ನೋಡುತ್ತವೆ, ಒಂದಕ್ಕೂ ಜಾಗ ಸಿಗುವುದಿಲ್ಲ. ಶನಿವಾರ ಸಂಜೆ ಬಸ್ಸಿನ ಬಾಗಿಲಲ್ಲಿ ನಾಲ್ಕು ಜನ ಒಮ್ಮೆಗೇ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತಾರಲ್ಲ, ಹಾಗೆ. ಕಾಫಿ ಬೆಳೆಯುವವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ ಹಣ್ಣು ಸುರಿಯುವಾಗ ಕೆಲವು ಸಲ ಬಾಯಲ್ಲಿ ಕಟ್ಟಿಕೊಳ್ಳುತ್ತದೆ. ಮೇಲೆ ಹಣ್ಣು ತುಂಬಿದೆ, ಕೆಳಗೆ ಖಾಲಿ. ಕೋಲಿನಲ್ಲಿ ಕುಟ್ಟುತ್ತೇವೆ, ದಡಬಡ ಇಳಿಯುತ್ತದೆ. ಕುಟ್ಟುವ ಮುಂಚೆ ಆ ಹಣ್ಣುಗಳು ಒಂದಕ್ಕೊಂದು ಒತ್ತಿಕೊಂಡು ಪುಟ್ಟ ಗುಮ್ಮಟ ಕಟ್ಟಿಕೊಂಡಿದ್ದವು. ಮೇಸ್ತ್ರಿ ಬೇಕಾಗಲಿಲ್ಲ, ಮುಹೂರ್ತವೂ ಬೇಕಾಗಲಿಲ್ಲ.

ಗುಮ್ಮಟ ಅಂದರೆ ಇಂಥ ಬಾವಿ ಬಳೆಗಳನ್ನು ಒಂದರ ಮೇಲೊಂದು, ಮೇಲಕ್ಕೆ ಹೋದಂತೆ ಚಿಕ್ಕದು ಮಾಡುತ್ತಾ ಜೋಡಿಸಿದ್ದು. ಕಮಾನಿಗೂ ಇದಕ್ಕೂ ಇಲ್ಲೇ ವ್ಯತ್ಯಾಸ. ಕಮಾನು ಕಟ್ಟುವಾಗ ನಡುಗಲ್ಲು ಕೂರುವ ತನಕ ಕೆಳಗೆ ಮರದ ಆಸರೆ ಬೇಕೇ ಬೇಕು. ಗುಮ್ಮಟದಲ್ಲಿ ಒಂದು ಬಳೆ ಸುತ್ತು ಮುಗಿದರೆ ಅದು ತನ್ನಷ್ಟಕ್ಕೆ ನಿಲ್ಲುತ್ತದೆ. ಅದರ ಮೇಲೆ ಮುಂದಿನ ಬಳೆ. ‘ತುದಿಯ ಕಲ್ಲೇ ಎಲ್ಲವನ್ನೂ ಹಿಡಿದಿದೆ, ಅದನ್ನು ತೆಗೆದರೆ ಮುಗೀತು’ ಎನ್ನುತ್ತಾರಲ್ಲ, ಅದೂ ಸುಳ್ಳೇ. ರೋಮಿನ ಪ್ಯಾಂಥಿಯನ್ ಗುಮ್ಮಟದ ಅಗಲ 43 ಮೀಟರ್. ಅದರ ನೆತ್ತಿಯಲ್ಲಿ ಕಲ್ಲೇ ಇಲ್ಲ, 8 ಮೀಟರಿಗೂ ಜಾಸ್ತಿ ಅಗಲದ ತೂತು. ಸುಮಾರು 1900 ವರ್ಷದಿಂದ ಆ ತೂತಿನಲ್ಲಿ ಮಳೆ ಬೀಳುತ್ತಿದೆ, ಗುಮ್ಮಟ ಬಿದ್ದಿಲ್ಲ. ಓಂಕಾರೇಶ್ವರದ ಚಿನ್ನದ ಗುಂಡು ಹೊರುವ ಭಾರ ಏನೂ ಇಲ್ಲ, ಅದು ಅಲಂಕಾರ. ಸಿಡಿಲಿನಿಂದ ಊರನ್ನು ಕಾಯಲು ಇಟ್ಟದ್ದು ಅಂತಲೂ ಯಾರೋ ಹೇಳಿದರು. ನೆಲದ ತನಕ ತಂತಿ ಎಳೆಯದ ಲೋಹದ ಗುಂಡು ಊರಿರಲಿ, ತನ್ನನ್ನೂ ಕಾಯಲಾರದು.

ಇಲ್ಲಿವರೆಗೆ ಸುಲಭ. ಮಜಾ ಇರುವುದು ಗುಮ್ಮಟದ ಕೆಳಭಾಗದಲ್ಲಿ.

ಒಂದು ಕೊಡಗಿನ ಕಿತ್ತಳೆ ತಗೊಳ್ಳಿ. ಅಡ್ಡಕ್ಕೆ ಕತ್ತರಿಸಿ, ತೊಳೆ ತಿಂದುಬಿಡಿ. ಉಳಿದ ಸಿಪ್ಪೆಯ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿ ನೆತ್ತಿಯನ್ನು ಮೆಲ್ಲಗೆ ಒತ್ತಿ. ಎಲ್ಲಿ ಸೀಳುತ್ತದೆ? ಒತ್ತಿದ ಕಡೆ ಅಲ್ಲ. ಕೆಳಗಿನ ಅಂಚು ಹೊರಕ್ಕೆ ಅಗಲವಾಗಿ, ಅಲ್ಲಿಂದ ಸೀಳು ಮೇಲಕ್ಕೆ ಏರುತ್ತದೆ. ಗುಮ್ಮಟದ ಪಾಡೂ ಇದೇ. ಮೇಲಿನ ಬಳೆಗಳು ಒಳಕ್ಕೆ ಕುಗ್ಗಲು ನೋಡುತ್ತವೆ, ಒತ್ತಿಕೊಂಡು ಗಟ್ಟಿಯಾಗುತ್ತವೆ. ಕೆಳಗಿನ ಬಳೆಗಳು ಮೇಲಿನ ಭಾರಕ್ಕೆ ಹೊರಕ್ಕೆ ಹಿಗ್ಗಲು ನೋಡುತ್ತವೆ. ಇಟ್ಟಿಗೆ ಮತ್ತು ಗಾರೆಗೆ ಒತ್ತಿದರೆ ಖುಷಿ, ಎಳೆದರೆ ಆಗುವುದಿಲ್ಲ.

ಒತ್ತುವುದು ನಿಂತು ಎಳೆಯುವುದು ಶುರುವಾಗುವ ಗಡಿ ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ಒಂದೇ ದಪ್ಪದ, ತನ್ನ ಭಾರ ಮಾತ್ರ ಹೊರುವ ಅರ್ಧಗೋಳದಲ್ಲಿ ನೆತ್ತಿಯಿಂದ ಸುಮಾರು 51.8 ಡಿಗ್ರಿ ಕೆಳಗೆ. ಗುಮ್ಮಟ ಚಿಕ್ಕದಿರಲಿ ದೊಡ್ಡದಿರಲಿ, ಈ ಕೋನ ಬದಲಾಗುವುದಿಲ್ಲ. ಅದರ ಕೊಸೈನ್ 0.618. ಹೌದು, ಇದು ನಿಮ್ಮ ‘ಸುವರ್ಣ ಅನುಪಾತ’ದಲ್ಲಿ ಬರುವ ಸಂಖ್ಯೆಯೇ. ಸಮೀಕರಣ ಬಿಡಿಸಿದಾಗ ಸುಮ್ನೆ ಹಾಗೆ ಬರುತ್ತದೆ, ಅಷ್ಟೇ. ದಯವಿಟ್ಟು ಇದನ್ನು ಫಾರ್ವರ್ಡ್ ಮಾಡಬೇಡಿ.

ಹಾಗಾದರೆ ಕೆಳಭಾಗಕ್ಕೆ ಏನು ಬೇಕು? ಸೊಂಟ ಬಿಗಿಯುವ ಒಂದು ಪಟ್ಟಿ. ಕೊಡವರು ಕುಪ್ಯದ ಮೇಲೆ ಚೇಲೆ ಸುತ್ತುವುದು ನೋಡಿದ್ದೀರಲ್ಲ? ಮುಂದೆ ಗುಂಡಿ ಇಲ್ಲದ ನಿಲುವಂಗಿ, ಸೊಂಟಕ್ಕೆ ಸುತ್ತಿದ ಚೇಲೆ ಬಿಚ್ಚಿದರೆ ಎರಡು ಬದಿಗೂ ಹರಡಿಕೊಳ್ಳುತ್ತದೆ. ಗುಮ್ಮಟದ ಬುಡಕ್ಕೂ ಒಂದು ಚೇಲೆ ಬೇಕು. ಕಾಫಿ ಕುಯ್ಯುವ ಬುಟ್ಟಿಯ ಬಾಯಿಗೆ ದಪ್ಪ ಬೆತ್ತ ಸುತ್ತುವುದೂ ಇದಕ್ಕೇ, ಮರದ ಪೀಪಾಯಿಗೆ ಕಬ್ಬಿಣದ ಬಳೆ ಹಾಕುವುದೂ ಇದಕ್ಕೇ. ಕೆಲವು ಕಡೆ ಗುಮ್ಮಟಕ್ಕೆ ಕಬ್ಬಿಣವನ್ನೇ ಸುತ್ತಿದರು. ಉಳಿದ ಕಡೆ ದಪ್ಪ ಗೋಡೆಯೇ ಚೇಲೆಯ ಕೆಲಸ ಮಾಡಿತು. ಮೂಲೆಯ ಗೋಪುರಗಳನ್ನು ನಾವು ಬರೀ ಚಂದಕ್ಕೆ ಎಂದುಕೊಳ್ಳುತ್ತೇವೆ. ಗೋಡೆಯ ಮೇಲೆ ಅಷ್ಟು ಭಾರ ಕೂತರೆ ಹೊರಕ್ಕೆ ತಳ್ಳುವ ಬಲ ಕೆಳಕ್ಕೆ ಬಾಗುತ್ತದೆ. ಜೋರು ಗಾಳಿಗೆ ಹಾರುವ ಪೇಪರಿನ ಮೇಲೆ ಕಲ್ಲು ಇಟ್ಟ ಹಾಗೆ ಅಲ್ಲ. ಜಾರುವ ಏಣಿಯ ಬುಡದಲ್ಲಿ ಒಬ್ಬರು ನಿಂತ ಹಾಗೆ.

ಚೇಲೆ ಸಡಿಲವಾದರೆ? ಇದಕ್ಕೆ ರೋಮಿನಲ್ಲೇ ಒಂದು ದೊಡ್ಡ ಗಲಾಟೆ ಆಗಿತ್ತು. ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟದಲ್ಲಿ ಬುಡದಿಂದ ಮೇಲಕ್ಕೆ ಬಿರುಕು ಕಾಣಿಸಿಕೊಂಡವು. ಬಿದ್ದೇ ಹೋಗುತ್ತದೆ ಎಂದು ಜನ ಹೆದರಿದರು. 1743ರಲ್ಲಿ ಜೊವಾನಿ ಪೊಲೇನಿ ಎಂಬ ವಿಜ್ಞಾನಿಯನ್ನು ಕರೆಸಿದರು. ಆತ ಮಾಡಿದ ಕೆಲಸ ನೋಡಿ: ಗುಮ್ಮಟವನ್ನು ಮನಸ್ಸಿನಲ್ಲೇ ಕಿತ್ತಳೆಯಂತೆ 50 ತೊಳೆಗಳಾಗಿ ಬಿಡಿಸಿದ. ಎದುರುಬದುರಿನ ಎರಡು ತೊಳೆ ಸೇರಿದರೆ ಒಂದು ಕಮಾನು. ಆ ಕಮಾನಿನ ಭಾರಕ್ಕೆ ತಕ್ಕಂತೆ ಒಂದು ದಾರಕ್ಕೆ ತೂಕ ಕಟ್ಟಿ ನೇತುಹಾಕಿದ. ನೇತಾಡುವ ದಾರದ ಆಕಾರವನ್ನು ತಲೆಕೆಳಗು ಮಾಡಿದರೆ ಅದು ಕಲ್ಲಿನೊಳಗೆ ಬಲ ಹರಿಯುವ ದಾರಿ. ಈ ಗುಟ್ಟನ್ನು 1675ರಲ್ಲೇ ಇಂಗ್ಲೆಂಡಿನ ರಾಬರ್ಟ್ ಹುಕ್ ಹೇಳಿದ್ದ, ಆದರೆ ಅಕ್ಷರಗಳನ್ನು ಕಲಸಿ, ಯಾರಿಗೂ ಅರ್ಥವಾಗದ ಒಗಟು ಮಾಡಿ! ಬೇರೆಯವರು ಕದ್ದಾರು ಎಂಬ ಭಯ. ಪೊಲೇನಿಯ ದಾರ ಗುಮ್ಮಟದ ದಪ್ಪದೊಳಗೇ ಬಿತ್ತು. ಅಂದರೆ ಬಿರುಕಿದ್ದರೂ ತೊಳೆಗಳು ಒಂದಕ್ಕೊಂದು ಒರಗಿ ನಿಲ್ಲುತ್ತವೆ. ಆದರೂ ಇರಲಿ ಎಂದು ಇನ್ನಷ್ಟು ಕಬ್ಬಿಣದ ಬಳೆ ಸುತ್ತಿಸಿದ. ಜಾಣ.

ಆದ್ದರಿಂದಲೇ ಹಳೇ ಗುಮ್ಮಟದಲ್ಲಿ ಒಂದು ಬಿರುಕು ಕಂಡ ಕೂಡಲೇ ‘ದೇವರಿಗೆ ಕೋಪ’ ಎಂದು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಲು ಓಡಬೇಕಾಗಿಲ್ಲ. ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ನೋಡಬೇಕು. ಅದರ ಮೇಲೆ ಗಾಜಿನ ಚೂರನ್ನು ಅಂಟಿಸಿ ಬಿಡಿ. ಗಾಜು ಒಡೆದರೆ ಗೋಡೆ ಜರುಗುತ್ತಿದೆ ಎಂದರ್ಥ.

ಇನ್ನು ಚೌಕಾಕಾರದ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸುವುದು ಹೇಗೆ ಎಂಬುದೇ ಒಂದು ಬೇರೆ ಕಥೆ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದನ್ನೊಂದು ಹಾದುಹೋಗುವ ಎಂಟು ಕಮಾನು ಬಳಸಿ ಅದನ್ನು ಬಿಡಿಸಿದ ರೀತಿಗೆ ನಾನು ಬೆಲೆ ಕಟ್ಟಲಾರೆ. ಜನ ಅಲ್ಲಿ ಹೋಗಿ ಕೂಗಿ, ಪ್ರತಿಧ್ವನಿ ಕೇಳಿ, ಕಮಾನು ನೋಡದೆ ವಾಪಸ್ ಬರುತ್ತಾರೆ.

ನಮ್ಮ ಮಳೆಯ ಮಾತು ಆಡದೆ ಇದ್ದರೆ ಆಗದು. ಮಡಿಕೇರಿಯಲ್ಲಿ ಬಹುತೇಕ ವರ್ಷ 3000 ಮಿಲಿಮೀಟರ್ ದಾಟುತ್ತದೆ. ಭಾಗಮಂಡಲದ ಭಗಂಡೇಶ್ವರ ದೇವಸ್ಥಾನ ಕೇರಳದ ಕ್ರಮದ ಇಳಿಜಾರು ಮಾಡಿನಲ್ಲಿ ಮಳೆಗೆ ಉತ್ತರ ಕೊಟ್ಟಿದೆ. ನಿಜ ಹೇಳಬೇಕೆಂದರೆ ಈ ಊರಿಗೆ ಅದೇ ಹೆಚ್ಚು ಬುದ್ಧಿವಂತ ಉತ್ತರ. ಗುಮ್ಮಟದಲ್ಲೂ ನೀರು ನಿಲ್ಲದೆ ಜಾರುತ್ತದೆ, ಆದರೆ ಮೈಯೆಲ್ಲ ನೆನೆಯುತ್ತದೆ. ಅಲ್ಲಿ ಕಾಪಾಡುವುದು ಸುಣ್ಣ.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟರೆ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿದರೆ ಬುಸುಗುಟ್ಟಿ ಅರಳುತ್ತದೆ. ಮರಳು ಸೇರಿಸಿ ಅರೆದು ಗೋಡೆಗೆ ಹಚ್ಚಿದ ಮೇಲೆ, ಕಳೆದುಕೊಂಡ ಆ ಗಾಳಿಯನ್ನೇ ವಾತಾವರಣದಿಂದ ನಿಧಾನಕ್ಕೆ ವಾಪಸ್ ತಗೊಂಡು ಮತ್ತೆ ಕಲ್ಲಾಗುತ್ತದೆ. ಒಳಗಿನ ತನಕ ಕಲ್ಲಾಗಲು ವರ್ಷಗಟ್ಟಲೆ ಬೇಕು. ಕೂದಲೆಳೆ ಬಿರುಕು ಬಿಟ್ಟರೆ ಮಳೆನೀರು ಸ್ವಲ್ಪ ಸುಣ್ಣ ಕರಗಿಸಿ ಬಿರುಕಿಗೆ ತಂದು ಇಡುತ್ತದೆ, ಅದೂ ಗಟ್ಟಿಯಾಗುತ್ತದೆ. ಗಾಯ ಮಾಯ್ದ ಹಾಗೆ. ಬೆಲ್ಲ ಹಾಕುತ್ತಿದ್ದರು, ಮೊಟ್ಟೆ ಹಾಕುತ್ತಿದ್ದರು ಎನ್ನುವುದರಲ್ಲಿ ಸತ್ಯವಿದೆ. ಸಕ್ಕರೆ ಅಂಶ ಇದ್ದರೆ ಸುಣ್ಣ ನೀರಲ್ಲಿ ಜಾಸ್ತಿ ಕರಗುತ್ತದೆ. ಆದರೆ ಅದು ಮಂತ್ರವಲ್ಲ. ಅದೇ ಬೆಲ್ಲವನ್ನು ಇವತ್ತಿನ ಸಿಮೆಂಟಿಗೆ ಹಾಕಿದರೆ ಕಾಂಕ್ರೀಟ್ ಗಟ್ಟಿಯಾಗದೆ ಸತಾಯಿಸುತ್ತದೆ.

ನಾನು ಈ ಪಾಠ ಕಲಿತದ್ದು ನಮ್ಮ ಮನೆಯಲ್ಲೇ. ಅಜ್ಜನ ಕಾಲದ ಸುಣ್ಣದ ಗೋಡೆ ಅಲ್ಲಲ್ಲಿ ಉದುರುತ್ತಿತ್ತು. ಒಬ್ಬ ಗುತ್ತಿಗೆದಾರರು ಬಂದು ಗಟ್ಟಿ ಸಿಮೆಂಟ್ ಬಳಿದು, ಮೇಲೆ ಹೊಳೆಯುವ ಪೇಂಟ್ ಹೊಡೆದರು. ಎರಡೇ ಮಳೆಗಾಲ. ಸಿಮೆಂಟ್ ಪದರ ತಟ್ಟೆಯಂತೆ ಕಳಚಿ ಬಿತ್ತು, ಹಿಂದಿನ ಗೋಡೆ ಒದ್ದೆ ಮುದ್ದೆ. ಸುಣ್ಣದ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಬಿಡುತ್ತದೆ. ನಾವು ಅದಕ್ಕೆ ರೈನ್‌ಕೋಟ್ ಹಾಕಿ ಒಳಗಿನ ಬೆವರು ಆರದ ಹಾಗೆ ಮಾಡಿದ್ದೆವು. ಅಕ್ಕ ಇವತ್ತಿಗೂ ಆ ಖರ್ಚಿನ ಲೆಕ್ಕ ಹೇಳುತ್ತಾಳೆ.

ಕೊಳದ ಹತ್ತಿರ ಇಷ್ಟನ್ನೆಲ್ಲ ನಾನು ಹೇಳಲಿಲ್ಲ. ಕೊರಳಿನ ಸರ ಕೊಡು ಎಂದೆ. ಎರಡೂ ತುದಿಯನ್ನು ಬೆರಳಿನಲ್ಲಿ ಹಿಡಿದು ಜೋತು ಬಿಟ್ಟು, ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿದ್ದ ಗುಮ್ಮಟದ ಮೇಲೆ ಬರುವ ಹಾಗೆ ಹಿಡಿಸಿದೆ. ಒಂದು ಕಣ್ಣು ಮುಚ್ಚಿ ನೋಡಿದಳು.

“ಸರಿಯಾಗಿ ಕೂರ್ತಾ ಇಲ್ಲ ಮಾವ. ಗುಮ್ಮಟ ಪಕ್ಕದಲ್ಲಿ ಉಬ್ಬಿದೆ.”

“ಅಲ್ಲೇ ಚೇಲೆ ಬೇಕಾಗೋದು.”

ಪಕ್ಕದ ಮಕ್ಕಳಲ್ಲಿ ಚಿಕ್ಕವನು ಎದ್ದು ಬಂದು ನನಗೂ ಸರ ಕೊಡಿ ಎಂದ. ಅವರಪ್ಪ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಅವನ ಹಿಂದೆ ಬಗ್ಗಿದರು. ಅಷ್ಟರಲ್ಲಿ ಒಂದು ಮೀನು ಮೇಲೆ ಬಂದು ಬಾಲ ಬಡಿಯಿತು, ಗುಮ್ಮಟ ಕಲಕಿಹೋಯಿತು. ನೀರು ನಿಲ್ಲಲಿ ಎಂದು ನಾಲ್ವರೂ ಕಾದೆವು.