ಗಾಳಿ ಇಳಿದ ಚೆಂಡು, ಕೋರ್ಟು ಏರಿದ ಆಟಗಾರ

2015ರ ಆಗಸ್ಟ್ 12. ಮ್ಯಾನ್‌ಹ್ಯಾಟನ್‌ನ ಫೆಡರಲ್ ನ್ಯಾಯಾಲಯದೊಳಗೆ ಕ್ಯಾಮೆರಾಗಳಿಗೆ ಪ್ರವೇಶವಿರಲಿಲ್ಲ. ವಿಚಾರಣೆಗೆ ಕೂತ ಟಾಮ್ ಬ್ರೇಡಿ ಹೊರಗಿನವರಿಗೆ ಕಂಡಿದ್ದು ಕಲಾವಿದೆಯೊಬ್ಬರು ಬರೆದ ಚಿತ್ರದಲ್ಲಿ ಮಾತ್ರ. ಅಮೆರಿಕನ್ ಫುಟ್‌ಬಾಲ್‌ನ ಸ್ಫುರದ್ರೂಪಿ ಅದರಲ್ಲಿ ಕೆನ್ನೆ ಬತ್ತಿ, ರಾತ್ರಿಯೆಲ್ಲ ದೆವ್ವ ಕಂಡವರಂತಿದ್ದರು. ಜನ ಬಿದ್ದು ಬಿದ್ದು ನಕ್ಕರು, ಪಾಪ, ಕಲಾವಿದೆ ಕ್ಷಮೆ ಕೇಳಬೇಕಾಯಿತು. ಆದರೆ ನ್ಯಾಯಾಧೀಶ ರಿಚರ್ಡ್ ಬರ್ಮನ್ ಆ ದಿನಗಳಲ್ಲಿ ಎರಡೂ ಕಡೆಯವರ, ಅಂದರೆ ಬ್ರೇಡಿ ಮತ್ತು ಅವರನ್ನು ಅಮಾನತು ಮಾಡಿದ್ದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ, ಬೆನ್ನು ಬಿದ್ದದ್ದು ಒಂದೇ ಮಾತಿಗೆ: ರಾಜಿ ಮಾಡಿಕೊಳ್ಳಿ.

ಜಗಳ ಶುರುವಾದದ್ದು ಅದೇ ವರ್ಷದ ಜನವರಿ 18ರಂದು. ಬ್ರೇಡಿಯವರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡವನ್ನು 45–7ರಿಂದ ಬಗ್ಗುಬಡಿದಿತ್ತು. ಚೆಂಡಿನೊಳಗಿನ ಒತ್ತಡ 12.5ರಿಂದ 13.5 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕೆಂಬುದು ನಿಯಮ; ಗಾಳಿ ಕಡಿಮೆಯಾದ ಚೆಂಡು ಕೈಗೆ ಸುಲಭವಾಗಿ ಸಿಗುತ್ತದೆ. ವಿರಾಮದಲ್ಲಿ ಅಳೆದರೆ ಪೇಟ್ರಿಯಟ್ಸ್ ಚೆಂಡುಗಳಲ್ಲಿ ಅಷ್ಟಿರಲಿಲ್ಲ. ಚಳಿಗೆ ಗಾಳಿಯ ಒತ್ತಡ ತಾನಾಗಿಯೇ ಇಳಿಯುತ್ತದೆ ಎಂದು ಭೌತಶಾಸ್ತ್ರದ ಮೇಷ್ಟ್ರುಗಳೂ ಕಣಕ್ಕಿಳಿದರು. ಲೀಗ್ ನೇಮಿಸಿದ ವಕೀಲ ಟೆಡ್ ವೆಲ್ಸ್ ಅವರ 243 ಪುಟಗಳ ವರದಿ ಮಾತ್ರ, ತಂಡದ ಸಿಬ್ಬಂದಿ ಗಾಳಿ ತೆಗೆದಿರುವ ಸಂಭವವೇ ಹೆಚ್ಚು, ಬ್ರೇಡಿಗೂ ಅದರ ಸುಳಿವಿದ್ದಿರಬೇಕು ಎಂದಿತು. ಬ್ರೇಡಿಗೆ ನಾಲ್ಕು ಪಂದ್ಯಗಳ ಅಮಾನತು. ತಂಡಕ್ಕೆ 10 ಲಕ್ಷ ಡಾಲರ್ ದಂಡ, ಜೊತೆಗೆ ಎರಡು ಡ್ರಾಫ್ಟ್ ಆಯ್ಕೆಗಳು (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಗಳು) ಖೋತಾ.

ಮಾಲೀಕ ರಾಬರ್ಟ್ ಕ್ರಾಫ್ಟ್ ಮೇ ತಿಂಗಳಲ್ಲೇ ತಲೆಬಾಗಿದರು. ತಾವು ಬಗ್ಗಿದರೆ ಲೀಗ್ ಆಟಗಾರನ ವಿಷಯದಲ್ಲಿ ಮೆತ್ತಗಾದೀತೆಂಬ ಆಸೆ. ಆಗಲಿಲ್ಲ. ಬ್ರೇಡಿಯವರ ಮೇಲ್ಮನವಿಯನ್ನು ಕೇಳಿದವರು ಲೀಗ್‌ನ ಕಮಿಷನರ್ ರೋಜರ್ ಗುಡೆಲ್ ಅವರೇ. ಶಿಕ್ಷೆ ಒಂದಿಷ್ಟೂ ಇಳಿಯಲಿಲ್ಲ.

ಶಿಕ್ಷೆ ಹೊರಡುವ ಕಚೇರಿಯಲ್ಲೇ ಮೇಲ್ಮನವಿಯೂ ಇತ್ಯರ್ಥವಾಗುವುದು ಎಂಥ ನ್ಯಾಯ? ಆಟಗಾರರ ಸಂಘವೇ 2011ರಲ್ಲಿ ಸಹಿ ಹಾಕಿದ ಒಪ್ಪಂದದ 46ನೇ ವಿಧಿ ಅದಕ್ಕೆ ಅವಕಾಶ ಕೊಟ್ಟಿತ್ತು. ಕೋರ್ಟಿನಲ್ಲಿ ತೂಗಿದ್ದು ಚೆಂಡಿನ ಗಾಳಿಯನ್ನಲ್ಲ, ಈ ವಿಧಿಯನ್ನು. ರಾಜಿ ಕುದುರದೆ, ಸೆಪ್ಟೆಂಬರ್ 3ರಂದು ಬರ್ಮನ್ ಅಮಾನತನ್ನು ರದ್ದುಮಾಡಿದರು. ಬ್ರೇಡಿ ಆ ಋತುವಿಡೀ ಆಡಿದರು. 2016ರ ಏಪ್ರಿಲ್ 25ರಂದು ಮೇಲ್ಮನವಿ ನ್ಯಾಯಾಲಯ 2–1 ಬಹುಮತದಿಂದ ಆ ತೀರ್ಪನ್ನು ತಿರುಗಿಸಿತು. ಕಮಿಷನರ್ ಮಾಡಿದ್ದು ಸರಿಯೋ ತಪ್ಪೋ ಎಂಬುದು ಕೋರ್ಟಿನ ಚಿಂತೆಯಲ್ಲ, ಒಪ್ಪಂದ ಕೊಟ್ಟ ಅಧಿಕಾರವನ್ನು ಅವರು ಮೀರಿಲ್ಲ ಎಂಬುದು ಅದರ ಸಾರ. ಜುಲೈ 15ರಂದು ಬ್ರೇಡಿ ಹೋರಾಟ ಕೈಬಿಟ್ಟರು.

ಹಾಗಾದರೆ ಸೋತರೇ? ಲೆಕ್ಕ ಹಾಕಿ ನೋಡಿ. 2015ರಲ್ಲೇ ಶಿಕ್ಷೆ ಅನುಭವಿಸಿದ್ದರೆ ಸುಮಾರು 19 ಲಕ್ಷ ಡಾಲರ್ ಸಂಬಳ ಹೋಗುತ್ತಿತ್ತು. ಮಧ್ಯೆ 2016ರ ಮಾರ್ಚ್‌ನಲ್ಲಿ ತಂಡದೊಂದಿಗಿನ ಅವರ ಒಪ್ಪಂದ ಪರಿಷ್ಕರಣೆಯಾಗಿ ಮೂಲ ಸಂಬಳ 10 ಲಕ್ಷಕ್ಕೆ ಇಳಿದಿತ್ತು. ಕೊನೆಗೆ ಹೋದದ್ದು ಸುಮಾರು 2.35 ಲಕ್ಷ! ಹೋರಾಟ ಅವರಿಗೆ ಗೆಲುವು ತರಲಿಲ್ಲ, ಕಾಲಾವಕಾಶ ತಂದುಕೊಟ್ಟಿತು. ಶಿಕ್ಷೆ ಮುಗಿಸಿ ಬಂದವರು 2017ರ ಫೆಬ್ರವರಿ 5ರಂದು ಅಟ್ಲಾಂಟಾ ಫಾಲ್ಕನ್ಸ್ ವಿರುದ್ಧ 34–28ರಿಂದ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಅದೇ ಗುಡೆಲ್ ಟ್ರೋಫಿ ಹಿಡಿದು ವೇದಿಕೆಗೆ ಬಂದಾಗ ಮೈದಾನವಿಡೀ ಛೀಮಾರಿಯ ಕೂಗು.

2020ರ ಹೊಸ ಒಪ್ಪಂದದಲ್ಲಿ ವೈಯಕ್ತಿಕ ನಡತೆಯ ಪ್ರಕರಣಗಳಿಗೆ ಸಂಘವೂ ಲೀಗೂ ಸೇರಿ ನೇಮಿಸುವ ಅಧಿಕಾರಿ ಬಂದರು. ಮೇಲ್ಮನವಿ ಮಾತ್ರ ಕಮಿಷನರ್ ಕೈಯಲ್ಲೇ ಉಳಿಯಿತು. 2022ರಲ್ಲಿ ಅಂಥ ಅಧಿಕಾರಿ ಮತ್ತೊಬ್ಬ ಆಟಗಾರ ಡಿಶಾನ್ ವಾಟ್ಸನ್‌ಗೆ ಆರು ಪಂದ್ಯಗಳ ಅಮಾನತು ವಿಧಿಸಿದಾಗ, ಅದು ಸಾಲದೆಂದು ಮೇಲ್ಮನವಿ ಹೋದದ್ದು ಲೀಗ್. ವಾಟ್ಸನ್ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ, 11 ಪಂದ್ಯ ಮತ್ತು 50 ಲಕ್ಷ ಡಾಲರ್‌ಗೆ ರಾಜಿಯಾದರು.