ಭವಿಷ್ಯವಾಣಿಗೆ ಗೆಲುವು ಬೇಕು, ಸಮತೋಲಕ್ಕೆ ಬೇಡ: ಫ್ಯಾಂಟಸಿ ಕತೆಗಳ ಒಳಜಗಳದ ಹಿನ್ನೆಲೆ

ದೊಡ್ಡ ಫ್ಯಾಂಟಸಿ ಸರಣಿಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಒಬ್ಬ ಹುಟ್ಟುತ್ತಾನೆ, ಅವನಿಂದ ಕತ್ತಲೆಯ ಒಡೆಯನಿಗೆ ಕೊನೆ ಎಂಬ ಭವಿಷ್ಯವಾಣಿ ಒಂದು. ಒಳಿತು ಕೆಡುಕುಗಳ ಸಮತೋಲ ಕೆಡಬಾರದು ಎಂಬ ಎಚ್ಚರಿಕೆ ಇನ್ನೊಂದು. ಎರಡನ್ನೂ ಒಬ್ಬನೇ ಮುದಿ ಮಾಂತ್ರಿಕ ಒಂದೇ ಉಸಿರಿಗೆ ಹೇಳಿಬಿಡುವುದೂ ಉಂಟು. ನಾವು ತಲೆದೂಗಿ ಮುಂದಿನ ಪುಟಕ್ಕೆ ಹೋಗುತ್ತೇವೆ. ಆದರೆ ಸ್ವಲ್ಪ ನಿಂತು ನೋಡಿದರೆ ಇವೆರಡೂ ಹೊಂದುವುದಿಲ್ಲ, ಅಲ್ವಾ? ಕೆಡುಕು ಪೂರ್ತಿ ಸೋತರೆ ಸಮತೋಲ ಎಲ್ಲಿ ಉಳಿಯಿತು? ಸಮತೋಲವೇ ಮುಖ್ಯವಾದರೆ ನಾಯಕ ಗೆಲ್ಲುವುದಾದರೂ ಯಾಕೆ?

ಇವು ಬೇರೆ ಬೇರೆ ಕಡೆಯಿಂದ ಬಂದು ಒಂದೇ ಪುಸ್ತಕದೊಳಗೆ ಸೇರಿಕೊಂಡ ಯೋಚನೆಗಳು. ಒಂದು ಪುರಾಣಗಳಷ್ಟು ಹಳೆಯದು. ಇನ್ನೊಂದು ಫ್ಯಾಂಟಸಿಯಲ್ಲಿ ಈಗಿನ ರೂಪ ಪಡೆದದ್ದು 1950ರ ನಂತರ.

ಭವಿಷ್ಯವಾಣಿಯನ್ನು ಮೊದಲು ನೋಡೋಣ. ತಂಗಿಯ ಎಂಟನೆಯ ಮಗು ನಿನ್ನನ್ನು ಕೊಲ್ಲುತ್ತದೆ ಎಂಬ ಅಶರೀರವಾಣಿ ಕಂಸನಿಗೆ ಕೇಳಿಸಿತು. ಅವನು ತಂಗಿಯನ್ನು ಸೆರೆಗೆ ಹಾಕಿದ, ಹುಟ್ಟಿದ ಕೂಸುಗಳನ್ನು ಕೊಂದ. ಆ ಭಯದಿಂದಲೇ ಎಂಟನೆಯವನನ್ನು ರಾತ್ರೋರಾತ್ರಿ ಸಾಗಿಸಬೇಕಾಯಿತು. ಹುಡುಗ ಮಾವನ ಕಣ್ಣಿಗೆ ಬೀಳದೆ ಗೋಕುಲದಲ್ಲಿ ಬೆಳೆದ. ಗ್ರೀಸಿನ ಈಡಿಪಸ್‌ನ ದಾರಿಯೂ ಹೀಗೆಯೇ. ಮಗ ತಂದೆಯನ್ನು ಕೊಲ್ಲುತ್ತಾನೆ ಎಂದು ಕೇಳಿದ ಹೆತ್ತವರು ಕೂಸನ್ನು ಬೆಟ್ಟದಲ್ಲಿ ಬಿಟ್ಟುಬರಲು ಕಳಿಸಿದರು. ಬದುಕಿ ಬೆಳೆದ ಮಗನ ಕಿವಿಗೂ ಅದೇ ಮಾತು ಬಿತ್ತು. ಸಾಕಿದವರನ್ನೇ ಹೆತ್ತವರೆಂದು ನಂಬಿದ್ದ ಅವನು ಅವರನ್ನು ಉಳಿಸಲು ಊರು ಬಿಟ್ಟ. ದಾರಿಯಲ್ಲಿ ಜಗಳವಾಡಿ ಕೊಂದ ಅಪರಿಚಿತನೇ ಅವನ ತಂದೆ. ಭವಿಷ್ಯ ತನ್ನಷ್ಟಕ್ಕೆ ಬಂದು ಮೇಲೆ ಬೀಳಲಿಲ್ಲ. ಅದನ್ನು ಕೇಳಿಸಿಕೊಂಡವರು ಹೆದರಿ ಏನೋ ಮಾಡಿದರು, ಆ ಮಾಡಿದ್ದರಿಂದ ಅದು ನಿಜವಾಯಿತು.

ಇನ್ನೊಂದು ಬಗೆ ಮಾತಿನ ಸಂದಿಯಲ್ಲಿ ಅಡಗಿರುತ್ತದೆ. ಹಿರಣ್ಯಕಶಿಪು ಮನುಷ್ಯನಿಂದಲೂ ಬೇಡ, ಮೃಗದಿಂದಲೂ ಬೇಡ, ಹಗಲೂ ಬೇಡ, ರಾತ್ರಿಯೂ ಬೇಡ ಎಂದು ವರ ಕೇಳಿದ. ಬಿಟ್ಟ ಸಂದಿಯಲ್ಲಿ ನರಸಿಂಹ ಬಂದ, ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ. ಲಿಡಿಯಾದ ದೊರೆ ಕ್ರೀಸಸ್ ಪರ್ಷಿಯದ ಮೇಲೆ ಯುದ್ಧಕ್ಕೆ ಹೋಗಲೇ ಎಂದು ಡೆಲ್ಫಿಯ ದೇವವಾಣಿಯನ್ನು ಕೇಳಿದ ಕತೆಯನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಹೋದರೆ ದೊಡ್ಡ ಸಾಮ್ರಾಜ್ಯವೊಂದು ನಾಶವಾಗುತ್ತದೆ ಎಂಬ ಉತ್ತರ ಬಂತು. ನಾಶವಾದದ್ದು ಕ್ರೀಸಸ್‌ನದೇ. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್‌ಗೆ ಹೆಣ್ಣಿಗೆ ಹುಟ್ಟಿದ ಯಾರೂ ನಿನಗೆ ಕೇಡು ಮಾಡಲಾರರು, ಬರ್ನಂ ಕಾಡು ಬೆಟ್ಟದ ಮೇಲಿನ ನಿನ್ನ ಕೋಟೆಗೆ ನಡೆದು ಬರುವ ತನಕ ಭಯವಿಲ್ಲ ಎಂಬ ಭರವಸೆ ಸಿಗುತ್ತದೆ. ಸೈನಿಕರು ಕೊಂಬೆ ಕಡಿದು ಮರೆಮಾಡಿಕೊಂಡು ಬರುತ್ತಾರೆ. ಅವನನ್ನು ಕೊಲ್ಲುವವನು ತಾಯಿಯ ಹೊಟ್ಟೆ ಸೀಳಿ ತೆಗೆದ ಮಗು.

ಈ ಕಾಡಿನ ವಿಷಯಕ್ಕೆ ಫ್ಯಾಂಟಸಿಯ ಚರಿತ್ರೆಯಲ್ಲಿ ನೇರವಾದ ಜಾಗ ಇದೆ. ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರಿಗೆ ಶಾಲೆಯ ದಿನಗಳಿಂದಲೂ ಆ ಕೊಂಬೆಗಳ ಬಗ್ಗೆ ಸಿಟ್ಟಿತ್ತು. ಕಾಡು ನಡೆದು ಬರುತ್ತದೆ ಎಂದು ಆಸೆ ಹುಟ್ಟಿಸಿ ಬರೀ ಸೊಪ್ಪು ಹೊತ್ತ ಸೈನಿಕರನ್ನು ತೋರಿಸಿದರೆ ಹೇಗೆ? 1954–55ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಮರಗಳು ನಿಜವಾಗಿಯೂ ಯುದ್ಧಕ್ಕೆ ನಡೆಯುತ್ತವೆ. ಹೆಣ್ಣಿಗೆ ಹುಟ್ಟಿದವನಿಂದ ಸಾವಿಲ್ಲ ಎಂಬ ಮಾತಿಗೂ ಅಲ್ಲೊಂದು ಪ್ರತಿರೂಪ ಇದೆ. ಯಾವ ಗಂಡಸಿನ ಕೈಯಿಂದಲೂ ಬೀಳುವುದಿಲ್ಲ ಎಂದು ಭವಿಷ್ಯ ಹೇಳಿಸಿಕೊಂಡ ಮಾಟಗಾರ ದೊರೆ, ವೇಷ ಮರೆಸಿ ಯುದ್ಧಕ್ಕೆ ಬಂದ ಇಯೊವಿನ್ ಎಂಬ ಹೆಣ್ಣು ಮತ್ತು ಹಾಬಿಟ್ ಎಂಬ ಕುಳ್ಳ ಜನಾಂಗದ ಮೆರಿ ಇಬ್ಬರೂ ಸೇರಿ ಹೊಡೆದಾಗ ಬೀಳುತ್ತಾನೆ.

ಇಲ್ಲಿ ಒಂದು ವಿಷಯವನ್ನು ಜನ ಜಾಸ್ತಿ ಗಮನಿಸುವುದಿಲ್ಲ. ಟೋಲ್ಕಿನ್‌ರ ಕತೆಯ ಕೊನೆಯ ಗೆಲುವು ಯಾವ ಭವಿಷ್ಯವಾಣಿಯಲ್ಲೂ ಬರೆದಿಟ್ಟದ್ದಲ್ಲ. ಕತ್ತಲೆಯ ಒಡೆಯನ ಉಂಗುರವನ್ನು ನಾಶಮಾಡಲು ಹೊರಟ ಹಾಬಿಟ್ ಫ್ರೋಡೊ ಬೆಂಕಿಯ ಬೆಟ್ಟದ ಬಾಯಲ್ಲಿ ಸೋಲುತ್ತಾನೆ, ಉಂಗುರ ತನ್ನದೆನ್ನುತ್ತಾನೆ. ಹಿಂದೆ ಕರುಣೆ ತೋರಿ ಬದುಕಲು ಬಿಟ್ಟಿದ್ದ, ಉಂಗುರದ ಆಸೆಗೆ ಬಿದ್ದ ಗಾಲಮ್ ಅದನ್ನು ಕಚ್ಚಿ ಕಿತ್ತುಕೊಂಡು ಜಾರಿ ಬೀಳುತ್ತಾನೆ. ಅವನಿಂದ ಇನ್ನೂ ಏನೋ ಆಗಬೇಕಿದೆ ಎಂದು ಮಾಂತ್ರಿಕ ಗ್ಯಾಂಡಾಲ್ಫ್‌ಗೆ ಮೊದಲೇ ಮನಸ್ಸಿಗೆ ಹೊಳೆದಿತ್ತು, ಅಷ್ಟೆ. ಹುಟ್ಟಿನಿಂದಲೇ ಆರಿಸಲ್ಪಟ್ಟ ವೀರನೊಬ್ಬನ ಪಟ್ಟವನ್ನು ಫ್ರೋಡೊನ ತಲೆಗೆ ಯಾರೂ ಕಟ್ಟಿರಲಿಲ್ಲ. ಆ ಪಟ್ಟ ಫ್ಯಾಂಟಸಿಗೆ ಕಡ್ಡಾಯ ಅನ್ನಿಸಿದ್ದು ಆಮೇಲೆ ಬಂದವರ ಕೈಯಲ್ಲಿ.

ಇನ್ನು ಸಮತೋಲ. ಒಳಿತು ಕೆಡುಕುಗಳು ಎರಡು ಶಕ್ತಿಗಳಾಗಿ ಎದುರುಬದುರು ನಿಲ್ಲುವುದು ಹಳೆಯ ಚಿತ್ರವೇ. ಪಾರ್ಸಿಗಳು ನಂಬುವ ಜರತುಷ್ಟ್ರನ ಧರ್ಮದಲ್ಲಿ ಒಳಿತಿನ ಅಹುರ ಮಜ್ದಾ ಮತ್ತು ಕೆಡುಕಿನ ಅಂಗ್ರ ಮೈನ್ಯು ಇದ್ದಾರೆ. ಆದರೆ ಅಲ್ಲಿ ಸಮತೋಲ ಗುರಿಯಲ್ಲ. ಕೊನೆಗೆ ಸೌಶ್ಯಂತ್ ಎಂಬ ರಕ್ಷಕ ಬರುತ್ತಾನೆ, ಕೆಡುಕು ಅಳಿಯುತ್ತದೆ, ಲೋಕ ಹೊಸದಾಗುತ್ತದೆ. ಮೂರನೆಯ ಶತಮಾನದ ಮಾನಿ ಇನ್ನೂ ಮುಂದೆ ಹೋಗಿ ಬೆಳಕು ಕತ್ತಲೆ ಎರಡೂ ಅನಾದಿ ಎಂದ. ಸುಮಾರು ಒಂಬತ್ತು ವರ್ಷ ಮಾನಿಯ ಪಂಥದಲ್ಲಿದ್ದು ಮುಂದೆ ಕ್ರೈಸ್ತ ಗುರುವಾದ ಅಗಸ್ಟೀನ್ ಆಮೇಲೆ ಅದಕ್ಕೆ ತಿರುಗಿ ನಿಂತ. ಕೆಡುಕಿಗೆ ಸ್ವಂತ ಇರವೇ ಇಲ್ಲ, ಒಳಿತು ಕಡಿಮೆಯಾದ ಜಾಗವೇ ಕೆಡುಕು ಎಂದು ವಾದಿಸಿದ. ಕ್ಯಾಥೊಲಿಕ್ ಆಗಿದ್ದ ಟೋಲ್ಕಿನ್‌ರ ಕತ್ತಲೆಯ ಒಡೆಯನಿಗೆ ಹೊಸದಾಗಿ ಏನನ್ನೂ ಸೃಷ್ಟಿಸಲು ಬರುವುದಿಲ್ಲ, ಇದ್ದದ್ದನ್ನು ಕೆಡಿಸಲು ಮಾತ್ರ ಬರುತ್ತದೆ. ಹೀಗೆ ಯೋಚಿಸಿದರೆ ಒಳಿತು ಕೆಡುಕುಗಳನ್ನು ಸಮ ತೂಗುವ ಪ್ರಶ್ನೆಯೇ ಏಳುವುದಿಲ್ಲ.

ಹಾಗಾದರೆ ಸಮತೋಲ ಎಲ್ಲಿಂದ ಬಂತು? ಪೋಲ್ ಆ್ಯಂಡರ್ಸನ್ 1953ರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಕತೆಯಲ್ಲಿ ಕಟ್ಟಳೆ ಮತ್ತು ಗೊಂದಲ ಎಂಬ ಎರಡು ಶಕ್ತಿಗಳ ಹೋರಾಟ ಇತ್ತು. ಮೈಕಲ್ ಮೂರ್‌ಕಾಕ್ ಅದನ್ನು ಬೇರೆ ಎತ್ತರಕ್ಕೆ ಒಯ್ದರು. 1961ರಲ್ಲಿ ಅವರ ಎಲ್ರಿಕ್ ಎಂಬ ಬಿಳಿಚು ದೊರೆ ಮೊದಲ ಸಲ ಅಚ್ಚಿನಲ್ಲಿ ಕಾಣಿಸಿಕೊಂಡ. ಆ ಲೋಕದಲ್ಲಿ ಬರೀ ಗೊಂದಲ ಗೆದ್ದರೆ ಎಲ್ಲ ಕುದಿದು ಆಕಾರ ಕಳೆದುಕೊಳ್ಳುತ್ತದೆ. ಬರೀ ಕಟ್ಟಳೆ ಗೆದ್ದರೆ ಎಲ್ಲ ಹೆಪ್ಪುಗಟ್ಟಿ ಬಂಜರಾಗುತ್ತದೆ. ಆದ್ದರಿಂದ ಎರಡರ ಮೇಲೂ ಒಂದು ವಿಶ್ವದ ತಕ್ಕಡಿ. ನನ್ನ ಮಟ್ಟಿಗೆ ಇದು ಫ್ಯಾಂಟಸಿಗೆ ಸಿಕ್ಕ ಅತಿ ಒಳ್ಳೆಯ ಯೋಚನೆಗಳಲ್ಲಿ ಒಂದು. ಗಮನಿಸಿ, ಅಲ್ಲಿ ತೂಗಿದ್ದು ಕಟ್ಟಳೆ ಮತ್ತು ಗೊಂದಲವನ್ನು. ಎರಡೂ ಬದುಕಿಗೆ ಬೇಕಾದವು. ಒಳಿತನ್ನೂ ಕ್ರೌರ್ಯವನ್ನೂ ಯಾರೂ ತಕ್ಕಡಿಗೆ ಹಾಕಿರಲಿಲ್ಲ.

1968ರಲ್ಲಿ ಅರ್ಸುಲಾ ಲೆ ಗ್ವಿನ್ ಬರೆದ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಇನ್ನೊಂದು ಬಾಗಿಲು ತೆರೆಯಿತು. ಅವರಿಗೆ ಚೀನಾದ ದಾವ್ ಚಿಂತನೆ ಹತ್ತಿರದ್ದು. ಮುಂದೆ 1997ರಲ್ಲಿ ಲಾವೋತ್ಸು ಹೆಸರಿನಲ್ಲಿರುವ, ಆ ಚಿಂತನೆಯ ಹಳೆಯ ಗ್ರಂಥವನ್ನು ತಮ್ಮದೇ ಇಂಗ್ಲಿಷಿಗೆ ತಂದರು. ಅವರ ದ್ವೀಪಗಳ ಲೋಕದಲ್ಲಿ ಒಂದು ಕಡೆ ಮಳೆ ಕರೆಸಿದರೆ ಇನ್ನೊಂದು ಕಡೆ ಬರ ಬಂದೀತು. ಹಾಗಾಗಿ ಬಲ್ಲ ಮಾಂತ್ರಿಕ ಸುಮ್ನೆ ಮಂತ್ರ ಹಾಕುವುದಿಲ್ಲ. ಗೆಡ್ ಎಂಬ ಹುಡುಗ ಜಂಬದಿಂದ ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ. ಕೊನೆಗೆ ಅದನ್ನು ಕೊಲ್ಲುವುದಿಲ್ಲ, ತನ್ನ ಹೆಸರಿನಿಂದಲೇ ಕರೆದು ತನ್ನೊಳಗೆ ಸೇರಿಸಿಕೊಳ್ಳುತ್ತಾನೆ. 1972ರ ‘ದಿ ಫಾರ್ದೆಸ್ಟ್ ಶೋರ್’ನಲ್ಲಿ ಸಾಯಲೊಲ್ಲದ ಒಬ್ಬನಿಂದ ಬದುಕು ಸಾವುಗಳ ನಡುವಿನ ಗೋಡೆ ಒಡೆದು ಲೋಕದ ಸತ್ವವೇ ಸೋರಿಹೋಗುತ್ತದೆ. ಇಲ್ಲಿಯೂ ತೂಕದಲ್ಲಿರುವುದು ಬದುಕು ಮತ್ತು ಸಾವು.

ಕಲಬೆರಕೆ ಆದದ್ದು ಆಟದ ಮೇಜಿನ ಮೇಲೆ. ಆಡುವವರು ಒಂದೊಂದು ಪಾತ್ರವಾಗಿ ಆಡುವ, 1974ರ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟ ಆ್ಯಂಡರ್ಸನ್ ಮತ್ತು ಮೂರ್‌ಕಾಕ್‌ರಿಂದ ಕಟ್ಟಳೆ, ತಟಸ್ಥ, ಗೊಂದಲ ಎಂಬ ಮೂರು ಪಕ್ಷಗಳನ್ನು ತೆಗೆದುಕೊಂಡಿತು. 1978ರ ಹೊತ್ತಿಗೆ ಅದಕ್ಕೆ ಒಳಿತು ಕೆಡುಕು ಎಂಬ ಇನ್ನೊಂದು ಗೆರೆ ಸೇರಿ ಒಂಬತ್ತು ಮನೆಗಳಾದವು. ನಟ್ಟನಡುವಿನ ಮನೆಯವನು ಎಲ್ಲ ಬದಿಗಳ ತೂಕವನ್ನೂ ಕಾಯಬೇಕು. ಒಳಿತು ಜಾಸ್ತಿಯಾದರೂ ಅವನಿಗೆ ಚಿಂತೆ! ಆಟಕ್ಕೆ ಇದು ಅನುಕೂಲ, ಹೋರಾಟ ಯಾವತ್ತೂ ಮುಗಿಯುವುದಿಲ್ಲ. ಕತೆಗೆ ಮಾತ್ರ ಇದರಿಂದ ಪೆಟ್ಟಾಯಿತು ಎಂದೇ ನನ್ನ ಅಭಿಪ್ರಾಯ. ಊರು ಸುಡುವವರೂ ಸುಡದವರೂ ಸಮ ಇರಬೇಕು ಎಂದು ಹೇಳುವ ಜ್ಞಾನಿಯನ್ನು ನಂಬುವುದು ಹೇಗೆ? ಸುಟ್ಟ ಊರಿನ ಹುಡುಗಿಗೆ ಅವನು ಏನು ಹೇಳುತ್ತಾನೆ?

ಅದೇ ಆಟದಿಂದ ಹುಟ್ಟಿದ ‘ಡ್ರ್ಯಾಗನ್‌ಲಾನ್ಸ್’ ಸರಣಿ 1984ರಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಹುಡುಕಿತು. ಅದರ ಹಿಂದಿನ ಯುಗದಲ್ಲಿ ಇಸ್ಟಾರ್ ಎಂಬ ನಗರದ ಅರಸ–ಪುರೋಹಿತ ಕೆಡುಕನ್ನು ಬೇರುಸಮೇತ ಕಿತ್ತುಹಾಕಲು ಹೊರಡುತ್ತಾನೆ. ಜನರ ಮನಸ್ಸಿನೊಳಗಿನ ಯೋಚನೆಗಳನ್ನೂ ತಪಾಸಣೆ ಮಾಡಿಸುತ್ತಾನೆ. ಕಡೆಗೆ ದೇವರುಗಳಿಗೇ ಆಜ್ಞೆ ಮಾಡಲು ಹೋದಾಗ ಆಕಾಶದಿಂದ ಉರಿಯುವ ಬೆಟ್ಟ ಬಿದ್ದು ನಗರ ಅಳಿಯುತ್ತದೆ. ಇಲ್ಲಿ ಒಳಿತು ಜಾಸ್ತಿಯಾಗಿ ಲೋಕ ಕೆಟ್ಟಿತು ಎನ್ನುವುದಕ್ಕಿಂತ, ಒಳಿತಿನ ಹೆಸರಿನಲ್ಲಿ ಅಧಿಕಾರ ಮಿತಿ ಮೀರಿತು ಎಂದು ಓದಿಕೊಳ್ಳುವುದೇ ಸರಿ ಅನ್ನಿಸುತ್ತದೆ.

ಡೇವಿಡ್ ಎಡಿಂಗ್ಸ್ ಭವಿಷ್ಯವಾಣಿ, ಸಮತೋಲ ಎರಡನ್ನೂ ಒಂದೇ ಗಂಟಿಗೆ ಕಟ್ಟಿದರು. 1982ರಿಂದ 1984ರವರೆಗೆ ಬಂದ ಅವರ ‘ಬೆಲ್ಗೇರಿಯಡ್’ನಲ್ಲಿ ಭವಿಷ್ಯವಾಣಿ ಒಂದಲ್ಲ, ಎರಡು. ಎಂದೋ ಆಕಾಶದಲ್ಲಿ ಆಗಬಾರದ ಜಾಗದಲ್ಲಿ ನಕ್ಷತ್ರಗಳು ಸಿಡಿದವು. ಲೋಕದ ಉದ್ದೇಶವೇ ಎರಡು ಹೋಳಾಯಿತು. ಎರಡಕ್ಕೂ ಒಂದೊಂದು ಭವಿಷ್ಯ, ಎರಡೂ ಒಂದಕ್ಕೊಂದು ವಿರುದ್ಧ. ಬೆಳಕಿನ ಭವಿಷ್ಯವಾಣಿಯಂತೂ ಗೇರಿಯನ್ ಎಂಬ ಹುಡುಗನ ತಲೆಯೊಳಗೆ ಕೂತು ಮಾತಾಡುತ್ತದೆ. ಮುಂದಿನ ಸರಣಿಯ ಕೊನೆಯಲ್ಲಿ, 1991ರಲ್ಲಿ, ನಿರ್ಧಾರ ಬರುವುದು ಕತ್ತಿಯಿಂದಲ್ಲ. ತಲೆತಲಾಂತರದಿಂದ ಯಾವ ಪಕ್ಷಕ್ಕೂ ಸೇರದ ಜನಾಂಗದ ಒಬ್ಬ ಕಾಲಜ್ಞಾನಿ ಹುಡುಗಿ ಎರಡರಲ್ಲಿ ಒಂದನ್ನು ಆರಿಸಬೇಕು. ಆರಿಸಲು ಅವಳಿಗೆ ಪ್ರಾಣಸಂಕಟವಾಗುತ್ತದೆ. ಅಷ್ಟು ಕಾಲ ತಟಸ್ಥವಾಗಿದ್ದವರು ಕೊನೆಗೊಂದು ದಿನ ಬಾಯಿ ಬಿಡಲೇಬೇಕು ಎಂಬುದು ನನಗೆ ಆ ಹತ್ತು ಪುಸ್ತಕಗಳಲ್ಲಿ ತುಂಬಾ ಹಿಡಿಸಿದ ವಿಷಯ.

ಸಿನಿಮಾದಲ್ಲಿ ಇದೇ ಗೊಂದಲ ಇನ್ನೂ ದೊಡ್ಡದಾಯಿತು. 1977ರ ಮೊದಲ ‘ಸ್ಟಾರ್ ವಾರ್ಸ್’ನಲ್ಲಿ ಭವಿಷ್ಯವಾಣಿ ಇರಲಿಲ್ಲ. 1999ರ ಚಿತ್ರದಲ್ಲಿ ಅದು ಬಂತು: ಆಯ್ಕೆಯಾದ ಒಬ್ಬ ‘ಫೋರ್ಸ್’ ಎಂಬ ವಿಶ್ವವ್ಯಾಪಿ ಶಕ್ತಿಗೆ ಸಮತೋಲ ತರುತ್ತಾನೆ. ಆ ಹುಡುಗ ದೊಡ್ಡವನಾಗಿ ತನ್ನ ಪಕ್ಷದವರನ್ನೇ ಕೊಂದಾಗ, ಎರಡೂ ಕಡೆ ತಲೆ ಸಮ ಆದವಲ್ಲ, ಇದೇ ಸಮತೋಲ ಎಂದು ಅಭಿಮಾನಿಗಳು ಲೆಕ್ಕ ಹಾಕಿದರು. ಜಾರ್ಜ್ ಲ್ಯೂಕಾಸ್‌ರ ಅರ್ಥ ಬೇರೆ. ಅವರ ಪ್ರಕಾರ ಕತ್ತಲೆಯ ಬದಿ ಬೆಳೆದದ್ದೇ ಸಮತೋಲ ತಪ್ಪಿದ್ದು, ಅದು ಹೋದರೆ ಸಮತೋಲ ಬಂತು. ಅಭಿಮಾನಿಗಳದು ಆಟದ ಮೇಜಿನ ಲೆಕ್ಕ, ಲ್ಯೂಕಾಸ್‌ರದು ಅಗಸ್ಟೀನ್‌ನ ದಾರಿಗೆ ಹತ್ತಿರ.

ಇದೇ ಹೊತ್ತಿಗೆ ಭವಿಷ್ಯವಾಣಿಯ ಮೇಲಿನ ಅನುಮಾನವೂ ಬೆಳೆಯುತ್ತಿತ್ತು. ಅದರ ಬೀಜ 1965ರ ‘ಡ್ಯೂನ್’ ಕಾದಂಬರಿಯಲ್ಲೇ ಇದೆ. ಅಲ್ಲಿ ರಕ್ಷಕ ಬರುತ್ತಾನೆ ಎಂಬ ನಂಬಿಕೆಯನ್ನು ಒಂದು ಸಂಘ ತನ್ನ ಅನುಕೂಲಕ್ಕಾಗಿ ಜನರ ನಡುವೆ ಬಿತ್ತಿರುತ್ತದೆ. ಆ ನಂಬಿಕೆಯ ಮೇಲೆ ಏರಿದ ಪೌಲ್‌ನ ಹೆಸರಿನಲ್ಲಿ ನಡೆದ ಯುದ್ಧದಲ್ಲಿ ಸತ್ತವರು 6,100 ಕೋಟಿ ಎಂದು 1969ರ ಮುಂದಿನ ಭಾಗ ಹೇಳುತ್ತದೆ. ಹ್ಯಾರಿ ಪಾಟರ್‌ನ ಭವಿಷ್ಯವಾಣಿ 2003ರ ಐದನೆಯ ಪುಸ್ತಕದಲ್ಲಿ ಪೂರ್ತಿ ಹೊರಬರುತ್ತದೆ. ಅದು ಇಬ್ಬರು ಹುಡುಗರಿಗೆ ಹೊಂದುತ್ತಿತ್ತು. ಕೆಡುಕಿನ ಮಾಂತ್ರಿಕ ವೋಲ್ಡೆಮಾರ್ಟ್ ಅರ್ಧ ಕೇಳಿಸಿಕೊಂಡು ಒಬ್ಬನ ಮೇಲೆ ಎರಗಿದ್ದರಿಂದ ಆ ಹುಡುಗನೇ ನಾಯಕನಾದ. ಕಂಸನ ಕತೆಯೇ ಅಲ್ವಾ ಇದು?

ರಾಬರ್ಟ್ ಜೋರ್ಡನ್ 1990ರಲ್ಲಿ ಶುರು ಮಾಡಿದ ‘ವೀಲ್ ಆಫ್ ಟೈಮ್’ ಸರಣಿಯ ಮುಖ್ಯ ಕತೆ 14 ಪುಸ್ತಕಗಳಷ್ಟು ಬೆಳೆಯಿತು. 2007ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಟಿಪ್ಪಣಿಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್ಸನ್ 2013ರಲ್ಲಿ ಮುಗಿಸಿದರು. ನಾಯಕ ರ್‍ಯಾಂಡ್ ಲೋಕವನ್ನು ಉಳಿಸುತ್ತಾನೆ, ಒಡೆಯುತ್ತಾನೆ ಕೂಡ ಎಂದು ಭವಿಷ್ಯವಾಣಿ. ಕೊನೆಯ ಹೋರಾಟದಲ್ಲಿ ಅವನಿಗೆ ಕೆಡುಕಿನ ಮೂಲವನ್ನೇ ಕೊಲ್ಲುವ ಅವಕಾಶ ಸಿಗುತ್ತದೆ. ಅದಿಲ್ಲದ ಲೋಕ ಹೇಗಿರುತ್ತದೆ ಎಂದು ಮನಸ್ಸಿನಲ್ಲೇ ಕಟ್ಟಿ ನೋಡುತ್ತಾನೆ. ಅಲ್ಲಿ ಜನ ನಗುತ್ತಿದ್ದಾರೆ, ಕಣ್ಣಲ್ಲಿ ಮಾತ್ರ ಏನೂ ಇಲ್ಲ. ತಪ್ಪು ಮಾಡಲು ಬಾರದವರಿಗೆ ಸರಿಯಾದದ್ದನ್ನು ಆರಿಸಲೂ ಬಾರದು. ಅವನು ಕೊಲ್ಲದೆ ಮತ್ತೆ ಬಂದೋಬಸ್ತಿನಲ್ಲಿ ಮುಚ್ಚುತ್ತಾನೆ. ಕ್ರೌರ್ಯಕ್ಕೆ ಸಮಪಾಲು ಕೊಡದೆಯೂ ಅದರ ಸಾಧ್ಯತೆಯನ್ನು ಉಳಿಸುವ ಈ ದಾರಿ, ಎರಡು ಹಳೆಯ ಮಾತುಗಳ ಜಗಳಕ್ಕೆ ನಾನು ಓದಿದ ಅತಿ ಪ್ರಾಮಾಣಿಕ ಉತ್ತರ.

ಸ್ಯಾಂಡರ್ಸನ್ ತಮ್ಮದೇ ‘ಮಿಸ್ಟ್‌ಬಾರ್ನ್’ ಸರಣಿಯಲ್ಲಿ, 2006ರಿಂದ 2008ರ ನಡುವೆ, ಇನ್ನೂ ಕಠಿಣವಾದ ಪ್ರಯೋಗ ಮಾಡಿದ್ದರು. ಅಲ್ಲಿ ಕಾಪಾಡುವ ಶಕ್ತಿ ಒಂದು, ಅಳಿಸುವ ಶಕ್ತಿ ಒಂದು. ಒಂದೊಂದೇ ಆಗಿ ಏನನ್ನೂ ಹುಟ್ಟಿಸಲಾರವು, ಸೇರಿಯೇ ಮನುಷ್ಯರನ್ನು ಮಾಡಿದವು. ಮೂರ್‌ಕಾಕ್‌ರ ತಕ್ಕಡಿ ಮತ್ತೆ ಬಂತು. ಭವಿಷ್ಯವಾಣಿಯ ಗತಿ ಏನು? ಸೆರೆಯಲ್ಲಿರುವ ಅಳಿಸುವ ಶಕ್ತಿ ಲೋಹದ ಮೇಲೆ ಕೊರೆಯದ ಬರಹವನ್ನೆಲ್ಲ ಕದ್ದುಮುಚ್ಚಿ ತಿದ್ದುತ್ತಿರುತ್ತದೆ. ನಾಯಕಿ ವಿನ್ ಪವಿತ್ರ ಬರಹವನ್ನು ನಂಬಿ, ತ್ಯಾಗ ಎಂದುಕೊಂಡು, ಆ ಅಳಿಸುವ ಶಕ್ತಿಯನ್ನೇ ಬಿಡುಗಡೆ ಮಾಡಿಬಿಡುತ್ತಾಳೆ.

ಕೊನೆಗೆ ಎರಡು ಶಕ್ತಿಗಳನ್ನೂ ಹೊತ್ತುಕೊಳ್ಳುವವನು ಸೇಜ಼ೆಡ್. ಧರ್ಮಗಳನ್ನು ನೆನಪಿಟ್ಟು ಕಾಯುತ್ತಿದ್ದ ಮೆದು ಮಾತಿನವನು, ಯಾವುದರಲ್ಲೂ ನಂಬಿಕೆ ಉಳಿಯದೆ ನೊಂದವನು. ಭವಿಷ್ಯವಾಣಿ ಹೇಳಿದ ವೀರ ಅವನೇ ಆಗಿದ್ದ, ಸಮತೋಲವೂ ಅವನಲ್ಲೇ ಕೂಡಿತು. 2011ರಿಂದ 2022ರವರೆಗೆ ಬಂದ ಮುಂದಿನ ಕತೆಗಳು ಆ ಗೆಲುವಿನ ಬೆಲೆಯನ್ನು ಲೆಕ್ಕ ಹಾಕುತ್ತವೆ. ಕಾಪಾಡಲು ಕೈ ಎತ್ತಿದರೆ ಒಳಗಿನ ಇನ್ನೊಂದು ಶಕ್ತಿ ಎಳೆಯುತ್ತದೆ, ಒಡೆಯಲು ಹೋದರೆ ಮೊದಲನೆಯದು ತಡೆಯುತ್ತದೆ. ಸಮತೋಲ ಸಿಕ್ಕ ದೇವರಿಗೆ ತಾನಾಗಿ ಏನೂ ಮಾಡಲು ಆಗುತ್ತಿಲ್ಲ. ಕೆಲಸ ಆಗಬೇಕಾದಾಗ ಕೆಳಗಿರುವ ಮನುಷ್ಯರನ್ನು ಕಳಿಸುತ್ತಾನೆ. ಹಾಗೆ ಕಳಿಸಿಕೊಂಡವರಲ್ಲಿ ಕೆಲವರು ಅವನ ಮೇಲೆ ಸಿಟ್ಟಾಗುತ್ತಾರೆ.